ನೀರು ಕಾಯ್ದ ಹಾದಿ

ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ ಸಾಮರ್ಸೆಟ್ ಎಂಬ ಸೀಮೆಯೊಂದುಂಟು. ಅದರ ಉತ್ತರಕ್ಕೆ ಮೆಂಡಿಪ್ ಗಿರಿಶ್ರೇಣಿಯೂ ದಕ್ಷಿಣಕ್ಕೆ ಪೋಲ್ಡನ್ ಎಂಬ ತಗ್ಗಾದ ದಿಣ್ಣೆಗಳ ಸಾಲೂ ನಿಂತು, ನಡುವೆ ಬ್ರೂ ನದಿಯು ಹರಿಯುವ ವಿಶಾಲವಾದ ಬಯಲೊಂದಕ್ಕೆ ಎಡೆಗೊಟ್ಟಿವೆ. ಇಂದು ಆ ಬಯಲಿನಲ್ಲಿ ದನಗಳು ಮೇಯುತ್ತವೆ; ನೂಲು ಹಿಡಿದು ಎಳೆದಂತಹ ನೇರವಾದ ಕಾಲುವೆಗಳು ಹೊಲಹೊಲದ ನೀರನ್ನೂ ಬಸಿದುಕೊಂಡು ಸಮುದ್ರದ ಕಡೆಗೆ ಸಾಗುತ್ತವೆ. ಈ ಕಾಲುವೆಗಳೆಲ್ಲ ಮನುಷ್ಯನು ಈಚಿನ ಶತಮಾನಗಳಲ್ಲಿ ತೋಡಿದವು. ಆರು ಸಾವಿರ ವರ್ಷಗಳ ಹಿಂದೆ ಅಲ್ಲಿದ್ದುದು ನೆಲವೂ ಅಲ್ಲದ, ನೀರೂ ಅಲ್ಲದ ಒಂದು ಮಧ್ಯಮಾವಸ್ಥೆ: ಆಳೆತ್ತರದ ಜೊಂಡು, ಅದರ ಬುಡದಲ್ಲಿ ಕರಿಯ ನೀರು, ಅಲ್ಲಲ್ಲಿ ಆ ನೀರಿನಿಂದ ತಲೆಯೆತ್ತಿ ನಿಂತ ವೆಸ್ಟ್‌ಹೇ, ಮಿಯರ್, ಬರ್ಟಲ್ ಮೊದಲಾದ ದ್ವೀಪಸದೃಶವಾದ ದಿಬ್ಬಗಳು. ದೋಣಿಯು ಸಾಗುವುದಕ್ಕೆ ಸಾಲದಷ್ಟು ನೀರು, ಕಾಲಿಟ್ಟರೆ ನಿಲ್ಲುವುದಕ್ಕೆ ಸಾಲದಷ್ಟು ನೆಲ.

ಆ ನೀರಿನಲ್ಲಿ ಜೊಂಡೂ ಪಾಚಿಯೂ ವರ್ಷವರ್ಷವೂ ಹುಟ್ಟಿ ಸತ್ತು ಬೀಳುತ್ತಿದ್ದುವು. ಗಾಳಿ ಸೋಂಕದ ಕೆಸರಿನಲ್ಲಿ ಸಸ್ಯಗಳನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಬಾಳುವೆಯಿಲ್ಲವಾದುದರಿಂದ ಅವು ಅರ್ಧ ಕೊಳೆತು ಅರ್ಧ ಉಳಿದು, ಪದರದ ಮೇಲೆ ಪದರವಾಗಿ ಕುಳಿತು, ಶತಮಾನಗಳು ಕಳೆದ ಹಾಗೆಲ್ಲ ಕಂದುಬಣ್ಣದ ಮೆತ್ತನೆಯ ದಪ್ಪ ಹಾಸಾಗಿ ಪರಿಣಮಿಸಿದುವು. ಇದಕ್ಕೆ ಪೀಟ್ ಎಂದು ಹೆಸರು. ನಮ್ಮಲ್ಲಿ ಹೂಕುಂಡಗಳನ್ನು ಸಾಕುವವರು ತೆಂಗಿನ ನಾರಿನ ಪುಡಿಯನ್ನು ಕೋಕೋಪೀಟ್ ಎಂದು ಕರೆಯುವರಷ್ಟೆ; ಆ ಹೆಸರಿನ ಉತ್ತರಾರ್ಧವು ಈ ಮಣ್ಣಿನಿಂದ ಬಂದುದು. ಕೊಳೆಯಿಸುವ ಜೀವಿಗಳಿಲ್ಲದ ಈ ಮಣ್ಣು ತನ್ನನ್ನು ತಾನು ಉಳಿಸಿಕೊಂಡಂತೆ, ತನ್ನೊಳಗೆ ಬಿದ್ದ ಮರವನ್ನೂ ಎಲೆಯನ್ನೂ ಬೀಜವನ್ನೂ ಹೂವಿನ ಪರಾಗವನ್ನೂ ಜೀರುಂಡೆಯ ರೆಕ್ಕೆಯನ್ನೂ ಸಹಸ್ರಾರು ವರ್ಷ ಉಳಿಸಿಕೊಂಡು ಬರುತ್ತದೆ.

ಪ್ರಾಚೀನ ಮಾನವನ ವಿಚಾರವಾಗಿ ನಾವು ಬಳಸುವ ಶಿಲಾಯುಗವೆಂಬ ಮಾತನ್ನು ಇಂತಹ ನೆಲದ ಮುಂದೆ ನಿಂತು ಮತ್ತೊಮ್ಮೆ ಆಲೋಚಿಸಬೇಕಾಗುತ್ತದೆ. ಆ ಹೆಸರು ಆ ಜನರ ಬಾಳಿನಿಂದ ಬಂದುದಲ್ಲ, ನಮ್ಮ ಕೈಗೆ ಸಿಕ್ಕಿದ ಅವಶೇಷದಿಂದ ಬಂದುದು. ಮರದ ಕಾವಿಲ್ಲದ ಕಲ್ಲುಕೊಡಲಿಯು ಕೊಡಲಿಯೇ ಅಲ್ಲ. ಆ ಕೊಡಲಿಯಿದ್ದುದೂ ಮರವನ್ನು ಕಡಿಯುವುದಕ್ಕಾಗಿಯೇ. ಮನೆ, ದೋಣಿ, ಬಿಲ್ಲು, ಅಗೆಯುವ ಕೋಲು, ಗಂಜಿ ತಿರುವುವ ಸಟ್ಟುಗ, ಎಲ್ಲವೂ ಮರವಾಗಿದ್ದ ಕಾಲದ ಮರವೆಲ್ಲ ಮಣ್ಣಾಗಿ ಹೋಗಿ, ಕಲ್ಲು ಮಾತ್ರ ಉಳಿದು, ಆ ಉಳಿದ ಕಲ್ಲು ಇಡೀ ಯುಗಕ್ಕೆ ತನ್ನ ಹೆಸರನ್ನು ಕೊಟ್ಟಿತು. ಒಣನೆಲದಲ್ಲಿ ನಷ್ಟವಾದ ಈ ಕಾಷ್ಠಸಂಸ್ಕೃತಿಯ ಸಾಕ್ಷ್ಯವನ್ನು ಎಲ್ಲಿಯಾದರೂ ಕಾಣಬೇಕಾದರೆ ನೀರು ನಿಂತ ನೆಲದಲ್ಲಿಯೇ ಕಾಣಬೇಕು.

1970ನೆಯ ಇಸವಿಯಲ್ಲಿ, ಸಾಮರ್ಸೆಟ್ಟಿನ ಈ ಬಯಲಿನಲ್ಲಿ ಪೀಟ್ ಅಗೆಯುವ ಕೆಲಸಗಾರನಾದ ರೇ ಸ್ವೀಟ್ ಎಂಬಾತನು ಒಂದು ಕಾಲುವೆಯ ಹೂಳು ತೆಗೆಯುತ್ತಿದ್ದಾಗ, ಆತನ ಸಲಿಕೆಯು ಆಳದಲ್ಲಿ ಗಟ್ಟಿಯಾದ ಹಲಗೆಯೊಂದಕ್ಕೆ ತಾಕಿತು. ಪೀಟಿನಲ್ಲಿ ಮರದ ಬೇರೂ ಬೊಡ್ಡೆಯೂ ಸಿಕ್ಕುವುದು ಅಗೆಯುವವರಿಗೆ ನಿತ್ಯದ ಅನುಭವ. ಅದನ್ನು ಕಿತ್ತು ಬದಿಗೆಸೆದು ಮುಂದೆ ಸಾಗುವುದು ಸಹಜ. ಈತನು ಹಾಗೆ ಮಾಡಲಿಲ್ಲ. ಹಲಗೆಯು ಮನುಷ್ಯನ ಕೈ ತಾಕಿದ ಹಲಗೆಯೆಂಬುದನ್ನು ಗುರುತಿಸಿ ಯಜಮಾನರಿಗೆ ತಿಳಿಸಿದನು. ಅವರು ಅದರ ತುಂಡೊಂದನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಪುರಾತತ್ತ್ವವನ್ನು ಬೋಧಿಸುತ್ತಿದ್ದ ಜಾನ್ ಕೋಲ್ಸ್ ಅವರಿಗೆ ಕಳುಹಿಸಿಕೊಟ್ಟರು. ಆ ಹಲಗೆಯು ಜೌಗನ್ನು ದಾಟುವುದಕ್ಕಾಗಿ ಕಟ್ಟಿದ ಪ್ರಾಚೀನ ದಾರಿಯೊಂದರ ಭಾಗವಾಗಿತ್ತು. ಆ ದಾರಿಗೆ ಇಂದು ವಿದ್ವತ್ಪ್ರಪಂಚದಲ್ಲೆಲ್ಲ ರೂಢಿಯಾಗಿರುವ ‘ಸ್ವೀಟ್ ಟ್ರ್ಯಾಕ್’ ಎಂಬ ಹೆಸರು ಆ ಕೆಲಸಗಾರನದು. ಅರಸರ ಹೆಸರನ್ನೋ ದಂಡನಾಯಕರ ಹೆಸರನ್ನೋ ಹೊತ್ತ ರಾಜಮಾರ್ಗಗಳು ಲೋಕದಲ್ಲಿ ಬೇಕಾದಷ್ಟಿವೆ. ಕೆಸರು ತೆಗೆಯುವವನ ಹೆಸರನ್ನು ಹೊತ್ತ ಈ ದಾರಿಯ ವಿಚಾರದಲ್ಲಿ ನನಗೆ ವಿಶೇಷವಾದ ಗೌರವವುಂಟು.

ದಾರಿಯೆಂದೊಡನೆ ಗಾಡಿ ಹೋಗುವ ರಸ್ತೆಯನ್ನು ಕಲ್ಪಿಸಿಕೊಳ್ಳಬಾರದು. ಮಲೆನಾಡಿನಲ್ಲಿ ಹಳ್ಳದ ಮೇಲೆ ಅಡಕೆಯ ಮರದ ಕಾಂಡಗಳನ್ನು ಹಾಕಿ ಮಾಡುವ ಕಾಲುಸಂಕವನ್ನು ದಾಟಿದವರಿಗೆ ಅದರ ಸ್ವರೂಪವು ಬೇಗನೆ ತಿಳಿದೀತು. ವ್ಯತ್ಯಾಸವೇನೆಂದರೆ, ಈ ಸಂಕದ ಉದ್ದವು ಸುಮಾರು 1,800 ಮೀಟರ್. ದಕ್ಷಿಣದಲ್ಲಿ ಪೋಲ್ಡನ್ ದಿಣ್ಣೆಯ ಬುಡದಿಂದ ಹೊರಟು ಉತ್ತರದಲ್ಲಿ ವೆಸ್ಟ್‌ಹೇ ದ್ವೀಪದವರೆಗೆ, ಜೊಂಡಿನ ಕಾಡನ್ನು ಸೀಳಿಕೊಂಡು ಅದು ಸಾಗಿತ್ತು. ಕಟ್ಟಿದ ಕ್ರಮವನ್ನು ನೋಡಿದರೆ ಬುದ್ಧಿಯು ಮೆಚ್ಚುತ್ತದೆ. ಮೊದಲು ಉದ್ದವಾದ ಗಳಗಳನ್ನು ಕೆಸರಿನ ಮೇಲೆ ಒಂದರ ತುದಿಗೊಂದು ಸೇರುವಂತೆ ಮಲಗಿಸಿದರು. ಆ ಗಳದ ಎರಡು ಪಕ್ಕಗಳಿಂದಲೂ ಚೂಪು ಮಾಡಿದ ಗೂಟಗಳನ್ನು ಓರೆಯಾಗಿ, ಕತ್ತರಿಯ ಅಲಗುಗಳಂತೆ ಒಂದನ್ನೊಂದು ಹಾಯುವ ಹಾಗೆ ನೆಲಕ್ಕೆ ಹೊಡೆದರು. ಗೂಟಗಳ ಮೇಲ್ತುದಿಗಳು ಕೂಡಿ ಉಂಟಾದ ಕವಲಿನಲ್ಲಿ ಹಲಗೆಯನ್ನಿಟ್ಟರು. ಹಲಗೆಯು ಜರುಗದಂತೆ ಅದರಲ್ಲಿ ಕಚ್ಚನ್ನೋ ತೂತನ್ನೋ ಕೊರೆದು ಅದರ ಮೂಲಕ ಸಣ್ಣ ಗೂಟವನ್ನು ಕೆಳಕ್ಕೆ ಇಳಿಸಿದರು. ಹಲಗೆಯ ಅಗಲವು ಹೆಚ್ಚೆಂದರೆ 40 ಸೆಂಟಿಮೀಟರ್, ದಪ್ಪವು 5 ಸೆಂಟಿಮೀಟರಿಗೂ ಕಡಮೆ, ಉದ್ದವು ಸುಮಾರು 3 ಮೀಟರ್. ಒಬ್ಬರ ಹಿಂದೆ ಒಬ್ಬರು ನಡೆಯುವುದಕ್ಕೆ ಮಾತ್ರ ಅದರಲ್ಲಿ ಸ್ಥಳ. ಎದುರಿಗೆ ಯಾರಾದರೂ ಬಂದರೆ ಮೈಯೊತ್ತಿ ಒಬ್ಬರನ್ನೊಬ್ಬರು ಹಿಡಿದುಕೊಂಡು ದಾಟಿರಬೇಕು.

ಮರಗಳನ್ನೆಲ್ಲ ಮೊದಲೇ ಕಡಿದು ಸೀಳಿ ಸಿದ್ಧಪಡಿಸಿ ತಂದಿಟ್ಟುಕೊಂಡಿದ್ದರೆ, ಕೂಡಿ ದುಡಿಯುವ ಕೆಲವು ಮಂದಿ ಈ ದಾರಿಯನ್ನು ಒಂದೇ ದಿನದಲ್ಲಿ ಹೂಡಿ ಮುಗಿಸಬಹುದಾಗಿತ್ತೆಂದು ಕೋಲ್ಸ್ ಅವರು ಗಣಿಸಿದರು. ಆದರೆ ಆ ಸಿದ್ಧತೆಯಿದೆಯಲ್ಲ, ಅದು ಒಂದು ದಿನದ ಮಾತಲ್ಲ. ಗರಗಸವಿಲ್ಲದ ಕಾಲ. ಮಹಾವೃಕ್ಷವಾದ ಓಕ್ ಮರವನ್ನು ಕಲ್ಲಿನ ಕೊಡಲಿಯಿಂದ ಉರುಳಿಸಿ, ಮರದ ಬೆಣೆಗಳನ್ನು ಕೊಡತಿಯಿಂದ ಹೊಡೆದು, ತಿರುಳಿನಿಂದ ತೊಗಟೆಯ ಕಡೆಗೆ ಕಿರಣಗಳಂತೆ ಸೀಳಿ, ತೆಳುವಾದ ಹಲಗೆಗಳನ್ನು ಅವರು ಎಬ್ಬಿಸಿದರು. ದಾರಿಯ ದಕ್ಷಿಣ ಭಾಗದ ಹಲಗೆಗಳು ನಾನೂರು ವರ್ಷಗಳಷ್ಟು ವಯಸ್ಸಾದ ಭಾರಿ ಓಕ್ ಮರಗಳಿಂದ ಬಂದವು; ಉತ್ತರ ಭಾಗದವು ಅದಕ್ಕಿಂತ ಬಹಳ ಎಳೆಯವಾದ ಮರಗಳಿಂದ ಬಂದವು. ಅಂದರೆ ಒಂದು ಕೊನೆಯವರು ಕೊಡಲಿ ಮುಟ್ಟದ ಹಳೆಯ ಕಾಡಿಗೆ ಕೈಯಿಕ್ಕಿದರು. ಇನ್ನೊಂದು ಕೊನೆಯ ಕಾಡು ಹಿಂದೊಮ್ಮೆ ಬಯಲಾಗಿ ಮತ್ತೆ ಬೆಳೆದುದಾಗಿತ್ತು. ಓಕ್ ಮಾತ್ರವಲ್ಲದೆ ಆಷ್, ಲಿಂಡನ್, ಹೇಜಲ್, ಆಲ್ಡರ್, ಹಾಲಿ ಮುಂತಾದ ಮರಗಳೂ ಅಲ್ಲಿ ಬಳಕೆಯಾಗಿವೆ; ಯಾವುದು ಹಲಗೆಗೆ ಒಗ್ಗುತ್ತದೆ, ಯಾವುದು ಗೂಟಕ್ಕೆ ಒಗ್ಗುತ್ತದೆ ಎಂಬ ವಿವೇಕವು ಆ ಆಯ್ಕೆಯಲ್ಲಿ ಸ್ಪಷ್ಟವಾಗಿ ಕಾಣಬರುತ್ತದೆ.

ಈ ದಾರಿಯ ಕಾಲವನ್ನು ನಿರ್ಣಯಿಸಿದ ಕಥೆಯು ದಾರಿಯಷ್ಟೇ ಸ್ವಾರಸ್ಯವಾದುದು. ಮರವು ವರ್ಷಕ್ಕೊಂದು ವಲಯದಂತೆ ಬೆಳೆಯುತ್ತದೆ; ಮಳೆ ಬಿಸಿಲುಗಳು ಅನುಕೂಲವಾದ ವರ್ಷ ವಲಯವು ಅಗಲ, ಪ್ರತಿಕೂಲವಾದ ವರ್ಷ ಕಿರಿದು. ಒಂದು ನಾಡಿನ ಮರಗಳೆಲ್ಲ ಒಂದೇ ಹವೆಯನ್ನು ಉಂಡು ಬೆಳೆಯುವುದರಿಂದ ಅವುಗಳಲ್ಲಿ ಅಗಲ ಕಿರಿದುಗಳ ಅನುಕ್ರಮವು ಒಂದನ್ನೊಂದು ಹೋಲುತ್ತದೆ. ಇದನ್ನು ಕಾಲಗಣನೆಯ ಶಾಸ್ತ್ರವಾಗಿ ಬೆಳೆಯಿಸಿದವರು ಅಮೆರಿಕದ ಖಗೋಳಜ್ಞರಾದ ಆಂಡ್ರ್ಯೂ ಡಗ್ಲಸ್. ಇಂದು ಬದುಕಿರುವ ಮರದ ಒಳವಲಯಗಳನ್ನು ಹಳೆಯ ಕಟ್ಟಡದ ತೊಲೆಯ ಹೊರವಲಯಗಳಿಗೆ, ಆ ತೊಲೆಯ ಒಳವಲಯಗಳನ್ನು ಇನ್ನೂ ಹಳೆಯದಾದ ಮರದ ಹೊರವಲಯಗಳಿಗೆ ಹೊಂದಿಸುತ್ತ ಹಿಂದುಹಿಂದಕ್ಕೆ ಹೋಗಬಹುದು. ಬೆಲ್‌ಫಾಸ್ಟಿನ ವಿದ್ವಾಂಸರು ಐರ್ಲೆಂಡಿನ ಜೌಗುಗಳಲ್ಲಿ ಹೂತಿದ್ದ ಓಕ್ ಮರಗಳ ನೆರವಿನಿಂದ ಏಳು ಸಾವಿರ ವರ್ಷಗಳಿಗೂ ಮಿಕ್ಕ ಇಂತಹ ಅಖಂಡ ಪಂಚಾಂಗವೊಂದನ್ನು ರಚಿಸಿ 1984ರಲ್ಲಿ ಪ್ರಕಟಿಸಿದರು. ಸ್ವೀಟ್ ಟ್ರ್ಯಾಕಿನ ಹಲಗೆಗಳ ವಲಯಗಳನ್ನು ದೀರ್ಘಾವಧಿಯ ಇಂತಹ ಪಂಚಾಂಗಗಳೊಡನೆ ಹೊಂದಿಸಿದ ಫಲವು 1990ರಲ್ಲಿ ಹೊರಬಿದ್ದಿತು: ಆ ಮರಗಳನ್ನು ಕಡಿದುದು ಕ್ರಿ.ಪೂ. 3807ರ ಕೊನೆಯಿಂದ 3806ರ ಮೊದಲವರೆಗಿನ ಚಳಿಗಾಲದಲ್ಲಿ. ಇಂಗಾಲದ ವಿಕಿರಣದಿಂದ ಮಾಡುವ ಪರೀಕ್ಷೆಯು ಇಂತಹ ವಸ್ತುಗಳಿಗೆ ನೂರಾರು ವರ್ಷಗಳ ಹರವನ್ನು ಮಾತ್ರ ಕೊಟ್ಟೀತು. ಇಲ್ಲಿ ದೊರೆತುದು ವರ್ಷ, ವರ್ಷದೊಳಗೆ ಋತು. ಹೆಸರು ತಿಳಿಯದ, ಭಾಷೆ ತಿಳಿಯದ, ಮುಖವನ್ನು ಕಲ್ಪಿಸಿಕೊಳ್ಳಲೂ ಆಧಾರವಿಲ್ಲದ ಜನ. ಆದರೂ ಅವರು ಯಾವ ಚಳಿಗಾಲದಲ್ಲಿ ಕೊಡಲಿ ಹಿಡಿದು ಕಾಡಿಗೆ ಹೊರಟರೆಂಬುದು ನಮಗೆ ತಿಳಿದಿದೆ. ನಮ್ಮ ಎಷ್ಟೋ ಶಾಸನಗಳಲ್ಲಿ ಶಕವರ್ಷವೂ ಸಂವತ್ಸರವೂ ಒಂದಕ್ಕೊಂದು ಕೂಡದೆ ವಿದ್ವಾಂಸರು ತೊಳಲುವುದನ್ನು ಕಂಡವರಿಗೆ ಈ ಖಚಿತತೆಯ ಬೆಲೆಯು ತಿಳಿಯುತ್ತದೆ.

ಅದೇ ಜಾಡಿನಲ್ಲಿ ಇನ್ನೂ ಹಳೆಯದಾದ, ಒರಟಾದ ದಾರಿಯೊಂದರ ಗುರುತುಗಳೂ ಸಿಕ್ಕಿವೆ. ಅದರ ಮರವು ಕ್ರಿ.ಪೂ. 3838ರದು. ಮೊದಲು ಅದಿತ್ತು, ಸುಮಾರು ಒಂದು ತಲೆಮಾರು ಕಳೆದ ಮೇಲೆ ಅದರ ಪಕ್ಕದಲ್ಲಿಯೇ ಒಳ್ಳೆಯ ದಾರಿಯನ್ನು ಕಟ್ಟಿದರು. ತಂದೆಯ ಕಾಲದ ಸಂಕವನ್ನು ಮಕ್ಕಳು ಹೊಸದಾಗಿ ಹಾಕಿದಂತಾಯಿತು. ಆದರೆ ಮಕ್ಕಳ ದಾರಿಯೂ ಬಹುಕಾಲ ನಿಲ್ಲಲಿಲ್ಲ. ಅಲ್ಲಲ್ಲಿ ದುರಸ್ತಿ ಮಾಡಿಕೊಂಡು ಸುಮಾರು ಹತ್ತು ವರ್ಷ ನಡೆದಾಡಿದರು. ಅಷ್ಟರಲ್ಲಿ ನೀರು ಏರಿ, ಜೊಂಡು ಕವಿದು, ಹಲಗೆಗಳು ಕೆಸರಿನಲ್ಲಿ ಅಡಗಿಹೋದುವು. ದಾರಿಯನ್ನು ಸೋಲಿಸಿದ ಆ ನೀರೇ ಅದನ್ನು ನಮಗಾಗಿ ಕಾದಿಟ್ಟಿತು.

ನಡೆದಾಡಿದವರು ಬೀಳಿಸಿಕೊಂಡುದೇನು ಎಂಬುದೂ ಹಲಗೆಗಳ ಪಕ್ಕದ ಕೆಸರಿನಲ್ಲಿ ಉಳಿದಿದೆ. ತೆಳುವಾಗಿ ನಯವಾಗಿ ಮಾಡಿದ ಮಡಕೆಗಳ ಚೂರುಗಳು. ಅವುಗಳಲ್ಲಿ ಒಂದರ ಜೊತೆಗೆ, ಅದರಲ್ಲಿ ತುಂಬಿಕೊಂಡು ಒಯ್ಯುತ್ತಿದ್ದ ಹೇಜಲ್ ಕಾಯಿಗಳು. ಹಲಗೆಯ ಮೇಲೆ ಕಾಲು ಜಾರಿತೋ, ಕೈ ತಪ್ಪಿತೋ, ಮಡಕೆಯು ಕೆಳಗೆ ಬಿದ್ದು ಒಡೆಯಿತು. ಕಾಯಿಗಳನ್ನು ಆರಿಸಿಕೊಳ್ಳಲು ಜೊಂಡಿನ ನೀರು ಬಿಡಲಿಲ್ಲ. ಈ ಮಡಕೆಯ ವಿಚಾರವನ್ನು ನಾನು ಮೊದಲು ಓದಿದಾಗ, ದೊಡ್ಡ ಸಾಮ್ರಾಜ್ಯಗಳ ಪತನದ ವರ್ಣನೆಗಳು ಮುಟ್ಟದ ಕಡೆಯೊಂದನ್ನು ಅದು ಮುಟ್ಟಿತು. ಚಕಮಕಿ ಕಲ್ಲಿನ ಬಾಣದ ಮೊನೆಗಳು ಸಿಕ್ಕಿವೆ. ಕೆಲವಕ್ಕೆ ಹತ್ತಿಸಿದ ಅಂಟಿನ ಗುರುತು ಇನ್ನೂ ಅಳಿದಿಲ್ಲ. ಯೂ ಮರದ ತೆಳ್ಳನೆಯ ಸೂಜಿಗಳಂತಹ ಕಡ್ಡಿಗಳು ಸಿಕ್ಕಿವೆ. 1973ರಲ್ಲಿ ದಾರಿಯ ಪಕ್ಕದಲ್ಲಿ ಕಂಡುಬಂದ ಹಸಿರು ಬಣ್ಣದ ಕೊಡಲಿಯೊಂದು ಮಾತ್ರ ಆಕಸ್ಮಿಕವಾಗಿ ಬಿದ್ದುದೆಂದು ನಂಬುವುದು ಕಷ್ಟ. ಕನ್ನಡಿಯಂತೆ ಉಜ್ಜಿ ಹೊಳಪಿಸಿದ ಆ ಜೇಡೈಟ್ ಶಿಲೆಯು ಬ್ರಿಟನ್ನಿನದಲ್ಲ. ಸುಮಾರು ಸಾವಿರ ಕಿಲೋಮೀಟರ್ ದೂರದ ಆಲ್ಪ್ಸ್ ಪರ್ವತದ್ದು. ಅದರ ಅಂಚಿನಲ್ಲಿ ಮರ ಕಡಿದ ಒಂದು ಗೀರೂ ಇಲ್ಲ. ಎಷ್ಟೋ ಕೈಗಳನ್ನು ದಾಟಿ, ಸಮುದ್ರವನ್ನು ಹಾಯ್ದು ಬಂದ ಅಂತಹ ಅಮೂಲ್ಯವಸ್ತುವನ್ನು ಯಾರೋ ಈ ನೀರಿಗೆ ಕೊಟ್ಟರು. ಹೊಸ ಸೇತುವೆಗೆ ಪೂಜೆ ಸಲ್ಲಿಸದೆ ಕಾಲಿಡದ ನಾಡಿನವನಾದ ನನಗೆ ಅದು ಕಾಣಿಕೆಯೆಂದೇ ತೋರುತ್ತದೆ.

1973ರಿಂದ 1989ರವರೆಗೆ ಜಾನ್ ಕೋಲ್ಸ್ ಅವರೂ ಬ್ರಯನಿ ಕೋಲ್ಸ್ ಅವರೂ ಸೇರಿ ನಡೆಸಿದ ಸಾಮರ್ಸೆಟ್ ಲೆವೆಲ್ಸ್ ಯೋಜನೆಯು ಈ ಬಯಲಿನ ಸಮೀಕ್ಷೆಯನ್ನು ಒಂದು ವ್ರತದಂತೆ ಕೈಗೊಂಡಿತು. ಅಲ್ಲಿನ ಕಷ್ಟವು ಎರಡು ಬಗೆಯದು. ಪೀಟಿನ ಆಳದಲ್ಲಿರುವ ಮರವು ಮೇಲಿನಿಂದ ಯಾವ ಗುರುತನ್ನೂ ಕೊಡುವುದಿಲ್ಲ. ಅಗೆದು ನಿಲ್ಲಿಸಿದ ಗೋಡೆಗಳನ್ನೂ ಕಾಲುವೆಯ ಬದಿಗಳನ್ನೂ ಕಾಲ್ನಡಿಗೆಯಲ್ಲಿ ನೋಡುತ್ತ ಹೋಗಿ, ಅಗೆಯುವವರೊಡನೆ ಸ್ನೇಹದಿಂದ ಮಾತಾಡಿ ತಿಳಿದುಕೊಳ್ಳುವುದೊಂದೇ ದಾರಿ. ಸಿಕ್ಕಿದ ಮೇಲಾದರೋ, ಆ ಮರವು ಆಕಾರದಲ್ಲಿ ಮಾತ್ರ ಮರ. ಒಳಗೆಲ್ಲ ನೀರು ತುಂಬಿ ಸಾಬೂನಿನಂತೆ ಮೆತ್ತಗಾಗಿರುತ್ತದೆ. ಕಾಲಿಟ್ಟರೆ ಜಜ್ಜಿಹೋಗುತ್ತದೆ, ಬಿಸಿಲಿಗೆ ಬಿಟ್ಟರೆ ಸುರುಟಿ ಸೀಳಿ ಪುಡಿಯಾಗುತ್ತದೆ. ಆದುದರಿಂದ ಶೋಧಕರು ಅಗೆತದ ಮೇಲೆ ಅಡ್ಡಹಲಗೆಗಳನ್ನು ಹಾಕಿ, ಅವುಗಳ ಮೇಲೆ ಬೋರಲಾಗಿ ಮಲಗಿ, ಲೋಹದ ಸಲಕರಣೆಯನ್ನು ಬಿಟ್ಟು ಬೆರಳಿನಿಂದಲೂ ಮರದ ಚಪ್ಪಟೆ ಕಡ್ಡಿಗಳಿಂದಲೂ ಮಣ್ಣನ್ನು ಬಿಡಿಸುತ್ತ, ನೀರನ್ನು ಸದಾ ಚಿಮುಕಿಸುತ್ತ ಕೆಲಸ ಮಾಡಿದರು. ಪ್ರಾಚೀನರು ಹಲಗೆ ಹಾಕಿ ದಾಟಿದ ಕೆಸರಿನ ಮೇಲೆ ಇವರೂ ಹಲಗೆ ಹಾಕಿಕೊಂಡೇ ಅವರನ್ನು ಸಮೀಪಿಸಬೇಕಾಯಿತು. ಮೇಲೆತ್ತಿದ ಮರವನ್ನು ಮೇಣದಂತಹ ರಾಸಾಯನಿಕ ದ್ರವದಲ್ಲಿ ತಿಂಗಳುಗಟ್ಟಲೆ ನೆನೆಯಿಸಿ, ನೀರಿನ ಸ್ಥಾನದಲ್ಲಿ ಆ ದ್ರವವು ಸೇರಿ ಗಟ್ಟಿಯಾದ ಮೇಲೆ ತಾನೆ ಅದನ್ನು ಪ್ರದರ್ಶನಕ್ಕಿಡಲು ಸಾಧ್ಯ.

ಈ ಸಮೀಕ್ಷೆಯಲ್ಲಿ ಹಲಗೆದಾರಿಯಷ್ಟು ಪ್ರಸಿದ್ಧವಲ್ಲದ, ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಕಡಮೆಯೇನೂ ಅಲ್ಲದ ಇನ್ನೊಂದು ಸಂಗತಿಯು ಬೆಳಕಿಗೆ ಬಂದಿತು. ವಾಲ್ಟನ್ ಹೀತ್ ಎಂಬಲ್ಲಿ ಹೇಜಲ್ ಮರದ ಸಪೂರವಾದ ಕೋಲುಗಳಿಂದ ಹೆಣೆದ ತಡಿಕೆಗಳನ್ನು ಕೆಸರಿನ ಮೇಲೆ ಚಾಪೆಯಂತೆ ಹಾಸಿ ಮಾಡಿದ ನವಶಿಲಾಯುಗದ ದಾರಿ ಸಿಕ್ಕಿತು. ಹೆಣಿಗೆಯು ಇಂದಿನ ಬೇಲಿ ಹೆಣೆಯುವವರದಕ್ಕೆ ಸಮನಾಗಿದೆ. ಕಾಡುಗಳ ಇತಿಹಾಸವನ್ನು ಜೀವಮಾನವೆಲ್ಲ ಅಭ್ಯಸಿಸಿದ ಆಲಿವರ್ ರಾಕಮ್ ಅವರು ಆ ಕೋಲುಗಳನ್ನು ಪರೀಕ್ಷಿಸಿ, ಅವು ಕಾಡಿನಲ್ಲಿ ಸಿಕ್ಕಿದ ಕಡೆಯಲ್ಲಿ ಮುರಿದು ತಂದವಲ್ಲ, ಬೊಡ್ಡೆಯವರೆಗೆ ಕಡಿದ ಮರದಿಂದ ಮತ್ತೆ ಚಿಗುರಿ ನೇರವಾಗಿ ಬೆಳೆದ ಸಸಿಗೋಲುಗಳು, ಬೇಕಾದ ಗಾತ್ರಕ್ಕೆ ಬಂದೊಡನೆ ಆರಿಸಿ ಕೊಯ್ದವು ಎಂಬುದನ್ನು ತೋರಿಸಿಕೊಟ್ಟರು. ಮರವನ್ನು ಕೊಲ್ಲದೆ ಕೊಯ್ದು, ಬೊಡ್ಡೆಯನ್ನು ಉಳಿಸಿ, ಮುಂದಿನ ಕೊಯ್ಲಿಗಾಗಿ ವರ್ಷಗಳ ಕಾಲ ಕಾಯುವ ಈ ಕ್ರಮವು ಒಂದು ಶಿಸ್ತನ್ನು ಅಪೇಕ್ಷಿಸುತ್ತದೆ. ಕಾಡಿನ ಯಾವ ಭಾಗ ಯಾರದು, ಎಂದು ಕೊಯ್ಯಬೇಕು, ದನಗಳು ಚಿಗುರನ್ನು ತಿನ್ನದಂತೆ ಕಾಯುವವರಾರು ಎಂಬ ಒಪ್ಪಂದಗಳನ್ನು ಅಪೇಕ್ಷಿಸುತ್ತದೆ. ಬರಹವರಿಯದ ಜನರ ಸಾಮಾಜಿಕ ಕಟ್ಟಳೆಯು ಒಂದು ತಡಿಕೆಯಲ್ಲಿ ಉಳಿದುಬಂದುದು ನನಗೆ ಪರಮಾಶ್ಚರ್ಯವಾಗಿ ತೋರುತ್ತದೆ.

ಅದೇ ಬಯಲಿನಲ್ಲಿ ‘ಮಠಾಧಿಪತಿಯ ದಾರಿ’ ಎಂಬ ಅರ್ಥದ ಹೆಸರಿನ ಇನ್ನೊಂದು ಮರದ ಹಾದಿಯುಂಟು. ಬರ್ಟಲ್ ಮತ್ತು ವೆಸ್ಟ್‌ಹೇಗಳ ನಡುವಿನ ಇದನ್ನು 1835ರ ಸುಮಾರಿನಲ್ಲಿಯೇ ಜನ ಕಂಡಿದ್ದರು. ಸಮೀಪದ ಗ್ಲಾಸ್ಟನ್‌ಬರಿ ಮಠದ ಸಂನ್ಯಾಸಿಗಳು ಕಟ್ಟಿಸಿದ್ದಿರಬೇಕೆಂದು ಭಾವಿಸಿ ಆ ಹೆಸರನ್ನಿಟ್ಟರು. ಕೇಂಬ್ರಿಜ್‌ನ ಸಸ್ಯಶಾಸ್ತ್ರಜ್ಞರಾದ ಹ್ಯಾರಿ ಗಾಡ್ವಿನ್ ಮೊದಲಾದವರು ಪೀಟಿನ ಪದರಗಳನ್ನೂ ಅವುಗಳಲ್ಲಿನ ಪರಾಗವನ್ನೂ ಪರಿಶೀಲಿಸಿದ ಮೇಲೆ, ಅದು ಕ್ರಿಸ್ತನಿಗೆ ಎರಡು ಸಾವಿರ ವರ್ಷಗಳಿಗೂ ಹಿಂದಿನದೆಂದು ತಿಳಿಯಿತು. ಹೆಸರು ಮಾತ್ರ ಹಾಗೆಯೇ ನಿಂತಿದೆ. ಬೆಲ್ ಟ್ರ್ಯಾಕ್ ಎಂಬ ಮತ್ತೊಂದು ದಾರಿಯ ಬುಡದಲ್ಲಿ, ಒಂದು ಗೇಣಿಗೂ ಚಿಕ್ಕದಾದ, ಸ್ತ್ರೀಪುರುಷಲಕ್ಷಣಗಳೆರಡನ್ನೂ ಹೊತ್ತ ಆಷ್ ಮರದ ಬೊಂಬೆಯೊಂದು ತಲೆಕೆಳಗಾಗಿ ಹುಗಿದ ಸ್ಥಿತಿಯಲ್ಲಿ 1966ರಲ್ಲಿ ಸಿಕ್ಕಿತು. ಅರ್ಧನಾರೀಶ್ವರನನ್ನು ಬಲ್ಲ ನಾವು ಅದಕ್ಕೆ ಅವಸರದಿಂದ ಹೆಸರಿಡದಿರುವುದು ಲೇಸು.

ಇಂತಹ ಹಾದಿಗಳು ಸಾಮರ್ಸೆಟ್ಟಿಗೆ ಮೀಸಲಾದವಲ್ಲ. 2009ರಲ್ಲಿ ಲಂಡನ್ ನಗರದ ಬೆಲ್‌ಮಾರ್ಷ್ ಸೆರೆಮನೆಯ ಬಳಿ ಸ್ವೀಟ್ ಟ್ರ್ಯಾಕಿಗಿಂತಲೂ ಹಳೆಯದೊಂದು ಸಿಕ್ಕಿತು. ಜರ್ಮನಿಯ ಉತ್ತರದ ಜೌಗುಗಳಲ್ಲಿ ಹಾಯೋ ಹಾಯೆನ್ ಅವರು ಅನೇಕ ಹಲಗೆದಾರಿಗಳನ್ನು ಶೋಧಿಸಿದರು. ಆದರೆ ಐರ್ಲೆಂಡಿನ ಲಾಂಗ್‌ಫರ್ಡ್ ಸೀಮೆಯ ಕಾರ್ಲೀ ಎಂಬಲ್ಲಿನ ದಾರಿಯು ಪ್ರತ್ಯೇಕವಾಗಿ ಹೇಳಬೇಕಾದುದು. ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನ ಬ್ಯಾರಿ ರಾಫ್ಟರಿ ಅವರು 1985ರಿಂದ ಉತ್ಖನನ ಮಾಡಿದ ಈ ದಾರಿಯ ಮರಗಳನ್ನು ಕ್ರಿ.ಪೂ. 148ರಲ್ಲಿಯೋ ಅದರ ಮರುವರ್ಷದ ಮೊದಲಿನಲ್ಲಿಯೋ ಕಡಿದರು. ಇದು ಒಬ್ಬರು ನಡೆಯುವ ಸಂಕವಲ್ಲ. ಮೂರು ಮೀಟರಿಗೂ ಅಗಲವಾಗಿ, ಭಾರವಾದ ಓಕ್ ಹಲಗೆಗಳನ್ನು ಅಡ್ಡಡ್ಡಲಾಗಿ ಒತ್ತೊತ್ತಾಗಿ ಹಾಸಿದ, ಬಂಡಿಯ ಗಾತ್ರದ ಹೆದ್ದಾರಿ. ಅದರ ಭಾರವೇ ಅದಕ್ಕೆ ಶತ್ರುವಾಯಿತು. ಕೆಲವೇ ವರ್ಷಗಳಲ್ಲಿ ಅದು ತಾನಾಗಿ ಕೆಸರಿನಲ್ಲಿ ಕುಸಿಯಿತು. ಯಾರೂ ದುರಸ್ತಿ ಮಾಡಲಿಲ್ಲ.

ಐರಿಷ್ ಜನರ ಪ್ರಾಚೀನ ಕಥೆಗಳಲ್ಲಿ ಏಡೀನಳ ವಿವಾಹದ ಕಥೆಯೆಂಬುದೊಂದು ಪ್ರಸಿದ್ಧವಾಗಿದೆ. ಅದರಲ್ಲಿ ಮಿದಿರ್ ಎಂಬ ಅಮಾನುಷನು ಅರಸನೊಡ್ಡಿದ ಕಾರ್ಯಗಳಲ್ಲೊಂದಾಗಿ ಹಿಂದೆ ಯಾರೂ ದಾಟದ ಜೌಗೊಂದರ ಮೇಲೆ ದಾರಿಯನ್ನು ಕಟ್ಟಬೇಕಾಗುತ್ತದೆ. ಆತನ ಜನ ರಾತ್ರಿಯಲ್ಲಿ ಎತ್ತುಗಳನ್ನು ಹೂಡಿ ಕಟ್ಟುತ್ತಾರೆ. ಯಾರೂ ನೋಡಕೂಡದೆಂಬ ನಿಯಮವನ್ನು ಮುರಿದು ಅರಸನ ಪಾರುಪತ್ಯಗಾರನು ನೋಡುತ್ತಾನೆ. ಅದರಿಂದ ದಾರಿಯಲ್ಲಿ ಒಂದು ದೋಷವು ಉಳಿದುಹೋಗುತ್ತದೆ. ಈ ಕಥೆಯಲ್ಲಿ ಕಾರ್ಲೀಯ ನೆನಪೇನಾದರೂ ಅಡಗಿರಬಹುದೇ ಎಂದು ರಾಫ್ಟರಿಯವರು ಆಲೋಚಿಸಿದರು. ಸಾಧಿಸಿ ತೋರಿಸಲಾಗದ ಊಹೆಯಾದರೂ ಇದು ಮನಸ್ಸನ್ನು ಬಿಡದು: ಹಿಂದೆಂದೂ ಕಾಣದಷ್ಟು ದೊಡ್ಡ ದಾರಿಯೊಂದು ಕಟ್ಟಿದವರ ಕಣ್ಣೆದುರಿಗೇ ಮುಳುಗಿದಾಗ, ಅದಕ್ಕೊಂದು ಕಾರಣವನ್ನು ಕಥೆಯಲ್ಲಲ್ಲದೆ ಅವರು ಬೇರೆಲ್ಲಿ ಹುಡುಕಿಯಾರು?

ಈ ಎಲ್ಲ ಶೋಧಗಳ ಹಿಂದೆ ನೋವಿನ ಸಂಗತಿಯೊಂದಿದೆ. ಪೀಟನ್ನು ಅಗೆಯದಿದ್ದರೆ ಒಂದು ಹಲಗೆಯೂ ನಮಗೆ ಕಾಣುತ್ತಿರಲಿಲ್ಲ. ಅಗೆಯುವುದರಿಂದ ಹಲಗೆಗಳು ನಾಶವಾಗುತ್ತವೆ. ಒಲೆಗೆ ಸೌದೆಯಾಗಿ ಕೈಯಿಂದ ಇಟ್ಟಿಗೆಯಂತೆ ಕೊಯ್ದು ಒಣಗಿಸುತ್ತಿದ್ದ ಕಾಲದಲ್ಲಿ ಅಗೆಯುವವನ ಕಣ್ಣು ಸಲಿಕೆಯ ತುದಿಯಲ್ಲಿತ್ತು. ಇಪ್ಪತ್ತನೆಯ ಶತಮಾನದಲ್ಲಿ ತೋಟದ ಗೊಬ್ಬರಮಣ್ಣಿಗಾಗಿ ಬೇಡಿಕೆ ಬೆಳೆದು ಯಂತ್ರಗಳು ಬಂದುವು. ಐರ್ಲೆಂಡಿನಲ್ಲಿ ವಿದ್ಯುತ್ ಸ್ಥಾವರಗಳಿಗಾಗಿ ಹೆಕ್ಟೇರುಗಟ್ಟಲೆ ಜೌಗನ್ನು ಕೆರೆದರು. ಯಂತ್ರವು ದಾರಿಯನ್ನೂ ಬೇರನ್ನೂ ಬೇರೆಬೇರೆಯಾಗಿ ಕಾಣಲಾರದು. ಯಂತ್ರಕ್ಕಿಂತಲೂ ದೊಡ್ಡ ಕೇಡು ನೀರಿಳಿಯುವುದು. ಸುತ್ತಲಿನ ಹೊಲಗಳ ಕಾಲುವೆಗಳು ಆಳವಾದಷ್ಟೂ ನೀರು ಬಸಿದು, ಸಲಿಕೆ ಮುಟ್ಟದ ಮರಕ್ಕೂ ಗಾಳಿ ಸೋಂಕಿ, ಆರು ಸಾವಿರ ವರ್ಷ ಕಾದಿದ್ದ ಕೊಳೆತವು ಕೆಲವು ವರ್ಷಗಳಲ್ಲಿ ಮುಗಿದುಹೋಗುತ್ತದೆ. ಮಠಾಧಿಪತಿಯ ದಾರಿಯನ್ನು 1996ರಲ್ಲಿ ಪರೀಕ್ಷಿಸಿದಾಗ ಅದು ಹೀಗೆಯೇ ನೀರಾರಿ ಒಣಗಿದ್ದುದು ಕಂಡುಬಂದಿತು.

ಸ್ವೀಟ್ ಟ್ರ್ಯಾಕಿನ ಬಹುಭಾಗವನ್ನು ಇನ್ನೂ ಅಗೆದಿಲ್ಲ. ಅದರಲ್ಲಿ ಸುಮಾರು 500 ಮೀಟರ್ ಉದ್ದದ ಭಾಗವು ಇಂದು ಶ್ಯಾಪ್‌ವಿಕ್ ಹೀತ್ ಎಂಬ ಸಂರಕ್ಷಿತ ಪ್ರದೇಶದಲ್ಲಿದೆ. ಅಲ್ಲಿನ ನೀರು ಪಕ್ಕದ ತಗ್ಗಿಗೆ ಹರಿದುಹೋಗದಂತೆ ಸುತ್ತಲೂ ಜೇಡಿಮಣ್ಣಿನ ಏರಿಯನ್ನು ಹಾಕಿ, ಯಂತ್ರದಿಂದ ನೀರನ್ನೆತ್ತಿ ಕೊಳವೆಗಳಲ್ಲಿ ದಾರಿಯುದ್ದಕ್ಕೂ ಹಂಚಿ, ಮಟ್ಟವು ಇಳಿಯಿತೋ ಇಲ್ಲವೋ ಎಂದು ಅಳೆಯುತ್ತ ಕಾಯುತ್ತಾರೆ. ಕಾಲು ಒದ್ದೆಯಾಗದಿರಲೆಂದು ಕಟ್ಟಿದ ಆ ಹಲಗೆಗಳು ಅಲ್ಲಿ, ಮೇಲಿನವರಾರಿಗೂ ಕಾಣದಂತೆ, ಕತ್ತಲೆಯ ನೀರಿನಲ್ಲಿ ನೆನೆಯುತ್ತಿವೆ.